ತಾನೇ ಬರೆದು ತಾನೇ ನಟಿಸಿದ ಇಂಗ್ಲೆಂಡಿನ ನಟಿಯರಲ್ಲಿ ಯಾರ ಕೆಲಸ ನೋಡಬೇಕು?

ಫೀಬಿ ವಾಲರ್-ಬ್ರಿಡ್ಜ್ ತಾನೇ ಬರೆದು ನಟಿಸಿದ ಟಿವಿ ಕಾಮಿಡಿ ಫ್ಲೀಬ್ಯಾಗ್ ನೋಡಿ ಮುಗಿಸಿದೆ, ಟಿವಿಗೆ ತಾನೇ ಬರೆದು ನಟಿಸಿದ ಇಂಗ್ಲೆಂಡಿನ ನಟಿ ಇನ್ಯಾರಿದ್ದಾರೆ ಅಂತ ಕೇಳಿದ್ದೀರಿ. ನನ್ನ ಉತ್ತರ ಒಂದೇ ಹೆಸರು: ಕ್ಯಾರೊಲಿನ್ ಅಹರ್ನ್.

1963ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು, ಬೆಳೆದದ್ದೆಲ್ಲ ಮ್ಯಾಂಚೆಸ್ಟರ್. ಅಪ್ಪ ಅಮ್ಮ ಐರ್ಲೆಂಡಿನವರು. ಮೊದಲು ಹೆಸರು ಬಂದದ್ದು ಮಿಸೆಸ್ ಮರ್ಟನ್ ಅನ್ನೋ ಅಜ್ಜಿ ಪಾತ್ರದಿಂದ. ಮೂವತ್ತರ ಆಸುಪಾಸಿನ ಹುಡುಗಿ ಬಿಳಿ ವಿಗ್ಗು, ದಪ್ಪ ಕನ್ನಡಕ ಹಾಕಿಕೊಂಡು ನಿಜವಾದ ಸೆಲೆಬ್ರಿಟಿಗಳನ್ನ ಕೂರಿಸಿಕೊಂಡು ಮಾತಾಡಿಸೋದು. ಜಾದೂಗಾರ ಪಾಲ್ ಡೇನಿಯಲ್ಸ್ ಹೆಂಡತಿ ಡೆಬಿ ಮಗೀಗೆ, ಆ ಲಕ್ಷಾಧೀಶ್ವರನಲ್ಲಿ ನಿಮಗೆ ಮೊದಲು ಇಷ್ಟವಾಗಿದ್ದು ಏನಮ್ಮಾ ಅಂತ ಮುಗ್ಧವಾಗಿ ಕೇಳಿದ್ದು ಅಲ್ಲಿ ಇವತ್ತಿಗೂ ಜೋಕು. ಅಜ್ಜಿ ಕೇಳಿದರೆ ಯಾರು ಬೈತಾರೆ, ಅಲ್ವಾ?

ಆದರೆ ನೀವು ನೋಡಬೇಕಾದ್ದು 'ದ ರಾಯ್ಲ್ ಫ್ಯಾಮಿಲಿ' ಅನ್ನೋ ಟಿವಿ ಕಾಮಿಡಿ. 1998ರಲ್ಲಿ ಶುರುವಾಯಿತು. ಕ್ರೇಗ್ ಕ್ಯಾಶ್ ಮತ್ತೆ ಕೆಲವರ ಜೊತೆ ಸೇರಿ ಬರೆದರು, ಮನೆಯ ಸೋಮಾರಿ ಮಗಳು ಡೆನೀಸ್ ಆಗಿ ನಟಿಸಿದರು, ಮೂರನೇ ಸೀಸನ್ನಿನ ನಿರ್ದೇಶನವನ್ನೂ ಮಾಡಿದರು. ನಾನು ಮೊದಲ ಸಲ ಹತ್ತು ನಿಮಿಷ ನೋಡಿ ಆಫ್ ಮಾಡಿದ್ದೆ. ಏನೂ ನಡೆಯಲ್ಲ ಮಾರಾಯ್ರೆ! ಒಂದು ಹಾಲ್, ಒಂದು ಸೋಫಾ, ಅಪ್ಪ ಕುರ್ಚಿ ಬಿಟ್ಟು ಏಳಲ್ಲ, ಎಲ್ಲರೂ ಟಿವಿ ನೋಡ್ತಾ ಸಿಗರೇಟು ಸೇದ್ತಾ ಕೂತಿರ್ತಾರೆ, ಮನೆಗೆ ಯಾರು ಬಂದರೂ ಅಮ್ಮ ಬಾರ್ಬರಾ ಕೇಳೋದು ಊಟಕ್ಕೆ ಏನು ತಿಂದೆ ಅಂತ. ಎರಡನೇ ಸಲ ನೋಡುವಾಗ ಹೊಳೆಯಿತು, ಇದು ಭಾನುವಾರ ಸಾಯಂಕಾಲದ ನಮ್ಮ ಮನೆಯೇ, ಸಿಗರೇಟು ಒಂದಿಲ್ಲ ಅಷ್ಟೇ.

ಆ ಕಾಲದ ಕಾಮಿಡಿಗಳಲ್ಲಿ ಹಿಂದೆ ಜನ ನಗೋ ಸದ್ದು ಇರಲೇಬೇಕಿತ್ತು. ಇದರಲ್ಲಿ ಅದು ಬೇಡವೇ ಬೇಡ ಅಂತ ಕ್ಯಾರೊಲಿನ್ ಹಟ ಹಿಡಿದರು. ಸರಿಯಾಗೇ ಮಾಡಿದರು. 1999ರ ಕ್ರಿಸ್‌ಮಸ್ ಎಪಿಸೋಡಿನಲ್ಲಿ ಡೆನೀಸ್‌ಗೆ ಹೆರಿಗೆ ನೋವು ಶುರುವಾಗಿ ಬಚ್ಚಲುಮನೆಯಲ್ಲಿ ಹೆದರಿ ಕೂತಿರ್ತಾಳೆ. ಇಡೀ ದಿನ ಎಲ್ಲರನ್ನೂ ಗೇಲಿ ಮಾಡೋ ಅಪ್ಪ ಪಕ್ಕದಲ್ಲಿ ಕೂತು ಸಮಾಧಾನ ಮಾಡ್ತಾನೆ. ಅಲ್ಲಿ ಯಾರೋ ಹಿಂದಿನಿಂದ ಕಿಸಿಕಿಸಿ ಅಂದಿದ್ದರೆ ಎಲ್ಲ ಹಾಳಾಗ್ತಿತ್ತು.

ಇಷ್ಟು ಗೆದ್ದ ಮೇಲೆ ಜಾಸ್ತಿ ಬರೆಯಬೇಕಿತ್ತು ಅನ್ನಿಸುತ್ತೆ. ಬರೆಯಲಿಲ್ಲ. ಪೇಪರಿನವರು ಬೆನ್ನು ಬಿದ್ದಿದ್ದರು, ಕುಡಿತ, ಖಿನ್ನತೆ ಬೇರೆ. ಸುಮ್ನೆ ಎದ್ದು ಆಸ್ಟ್ರೇಲಿಯಾಕ್ಕೆ ಹೋದರು, ಅಲ್ಲಿ 'ಡೊಸ್ಸಾ ಅಂಡ್ ಜೋ' ಅಂತ ಒಂದು ಸೀರಿಯಲ್ ಮಾಡಿದರು, ಅದನ್ನ ನೋಡಿದವರು ಕಡಿಮೆ. ಕೊನೆ ವರ್ಷಗಳಲ್ಲಿ 'ಗಾಗಲ್‌ಬಾಕ್ಸ್' ಶೋಗೆ ದನಿ ಕೊಡ್ತಿದ್ದರು. ಅದೂ ಜನ ಸೋಫಾದಲ್ಲಿ ಕೂತು ಟಿವಿ ನೋಡೋ ಕಾರ್ಯಕ್ರಮವೇ, ನೋಡಿ! 2016ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, 52 ವರ್ಷ.

ಮೊದಲ ಸೀಸನ್ನಿಂದಲೇ ಶುರು ಮಾಡಿ, ಸಬ್‌ಟೈಟಲ್ ಹಾಕಿಕೊಳ್ಳಿ, ಮ್ಯಾಂಚೆಸ್ಟರ್ ಇಂಗ್ಲಿಷು ಕಿವಿಗೆ ಹತ್ತಲು ಟೈಮ್ ಬೇಕು. 2006ರ 'ದ ಕ್ವೀನ್ ಆಫ್ ಶೀಬಾ' ಎಪಿಸೋಡನ್ನ ಮಾತ್ರ ಮೊದಲ ಮೂರು ಸೀಸನ್ ಮುಗಿಯೋವರೆಗೆ ಮುಟ್ಟಬೇಡಿ. ಅದರಲ್ಲಿ ಆ ಮನೆಯ ಅಜ್ಜಿಯ, ಅಂದರೆ ಬಾರ್ಬರಾಳ ಅಮ್ಮನ, ಮಂಚವನ್ನ ಅದೇ ಹಾಲ್‌ಗೆ ತಂದು ಹಾಕಿರ್ತಾರೆ. ಅಷ್ಟು ದಿನ ಆ ಅಜ್ಜಿ ಜೊತೆ ಸೋಫಾದಲ್ಲಿ ಕೂತಿದ್ದರೆ ಮಾತ್ರ ಅದು ತಟ್ಟೋದು.