ಗಿರಾಕಿಗೆ ಕೊಸರು, ನಿಮಗೇನು?

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನ ಹನುಮಂತನಗರದಲ್ಲಿ 14 ವರ್ಷದಿಂದ ಯಜಮಾನರೂ ನಾನೂ ಕರಿದ ತಿಂಡಿಯ ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತಿದ್ದೇವೆ. ತಿಂಗಳಿಗೆ ಎರಡೂವರೆ ಲಕ್ಷ ವ್ಯಾಪಾರ. ಬಾಡಿಗೆ, ಸಾಮಾನು, ಸಂಬಳ ಎಲ್ಲ ಕಳೆದು ಕೈಗೆ 40 ಸಾವಿರ. ಪ್ಯಾಕಿಂಗ್ ಹುಡುಗಿಗೆ 17 ಸಾವಿರ ಕೊಡ್ತೀವಿ, ಅವಳಿಗೆ ಭಾನುವಾರ ರಜೆ. ನಮಗೆ ರಜೆ ಅನ್ನೋದೇ ಇಲ್ಲ. "ಈಗ ಹತ್ತು ನಿಮಿಷಕ್ಕೆ ಮನೆಗೇ ತಿಂಡಿ ಬರುತ್ತೆ, ಸಾಕು ಮುಚ್ಚೋಣ, ನಾನೆಲ್ಲಾದರೂ ಕೆಲಸಕ್ಕೆ ಸೇರ್ತೀನಿ" ಅಂತಾರೆ ಯಜಮಾನರು. "ಉತ್ತರಹಳ್ಳಿಯಲ್ಲಿ ಇನ್ನೊಂದು ಬ್ರಾಂಚ್ ಹಾಕಿ ಅತ್ತಿಗೆ, ನಾನೂ ದುಡ್ಡು ಹಾಕ್ತೀನಿ" ಅಂತಾನೆ ಮೈದುನ. ಹೋದ ವರ್ಷ ಅವನ ಮನೆ ಗೃಹಪ್ರವೇಶಕ್ಕೆ 20 ಕೆಜಿ ತಿಂಡಿ ಕೊಟ್ಟೆವು, ದುಡ್ಡಿನ ಮಾತೇ ಬರಲಿಲ್ಲ. ಕೋಡುಬಳೆ ಮಾಡುವ ಅಕ್ಕನಿಗೂ 60 ದಾಟಿತು. ನನಗೆ ಅಂಗಡಿ ಬಿಡೋಕೆ ಮನಸ್ಸಿಲ್ಲ, ಇವರ ಮುಖ ನೋಡಿದ್ರೆ ಸಂಕಟ ಆಗುತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಕಾಗದ ಓದಿ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿದೆ, ಬೇಜಾರು ಮಾಡ್ಕೋಬೇಡಿ. ನೀವಿಬ್ಬರೂ ದಿನಕ್ಕೆ 12 ಗಂಟೆ ಅಂಗಡಿಯಲ್ಲಿ ಇರುತ್ತೀರಿ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 720 ಗಂಟೆ ಆಯಿತು. 40 ಸಾವಿರವನ್ನು ಭಾಗಿಸಿದರೆ ಗಂಟೆಗೆ 55 ರೂಪಾಯಿ. ನಿಮ್ಮ ಪ್ಯಾಕಿಂಗ್ ಹುಡುಗಿ ದಿನಕ್ಕೆ 9 ಗಂಟೆಯಂತೆ 26 ದಿನ ಬಂದರೆ ಅವಳಿಗೆ ಗಂಟೆಗೆ 72 ರೂಪಾಯಿ ಬೀಳುತ್ತದೆ. ಅವಳಿಗೆ ಜಾಸ್ತಿ ಕೊಡುತ್ತಿದ್ದೀರಿ ಅಂತಲ್ಲ. ಅಂಗಡಿಯಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ ನಿಮ್ಮಿಬ್ಬರದು, ಅಷ್ಟೇ.

ಯಜಮಾನರಿಗೆ ಸಾಕಾಗಿರುವುದು ಅಂಗಡಿಯೋ, ಈ ಲೆಕ್ಕವೋ? ನನಗೆ ಎರಡನೆಯದು ಅನ್ನಿಸುತ್ತದೆ. ಹತ್ತು ನಿಮಿಷದ ಆ್ಯಪ್‌ಗಳ ಪೆಟ್ಟು ಬಿದ್ದೇ ಇಲ್ಲ ಅನ್ನಲಾರೆ. ಆದರೆ ಹಗಲು ಕರಿದದ್ದನ್ನು ಸಂಜೆ ಕೈಯಲ್ಲಿ ಮುರಿದು ರುಚಿ ನೋಡಿ ಕಟ್ಟಿಸಿಕೊಳ್ಳುವ ಗಿರಾಕಿ ಆ್ಯಪ್‌ಗೆ ಅಷ್ಟು ಸುಲಭಕ್ಕೆ ಹೋಗಲ್ಲ.

ನಮ್ಮಪ್ಪನದ್ದು ಚಿಕ್ಕಪೇಟೆ ಹತ್ತಿರ ನೋಟ್‌ಬುಕ್, ಪೆನ್ನಿನ ಅಂಗಡಿ ಇತ್ತು. ಮನೆಗೆ ತರಕಾರಿ, ನಮ್ಮ ಫೀಸು, ಅಜ್ಜಿಯ ಮಾತ್ರೆ ಎಲ್ಲ ಗಲ್ಲಾದಿಂದಲೇ. ಅವರಿಗೆ ಅಂತ ಒಂದು ಸಂಬಳ ಇರಲೇ ಇಲ್ಲ. ಜೂನ್ ತಿಂಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿ ಇದ್ದಾಗಲೇ ಆ ಅಂಗಡಿ ಮುಚ್ಚಿತು. ಆಮೇಲೆ ನೋಡಿದರೆ ಉದ್ದರಿ ಬರೆದ ಮೂರು ಪುಸ್ತಕ ಇದ್ದವು, ಅರ್ಧಕ್ಕರ್ಧ ಹೆಸರು ನೆಂಟರದ್ದು.

ಹಾಗಾಗಿ ಬರುವ ಒಂದನೇ ತಾರೀಕಿನಿಂದ ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ನಿಮಗೆ 20, ಅವರಿಗೆ 20 ಸಂಬಳ ಅಂತ ಬರೆದು, ಅಂಗಡಿ ಖಾತೆಯಿಂದ ಹಾಕಿಕೊಳ್ಳಿ. ಇಷ್ಟು ದಿನ ಲಾಭ ಅಂತ ಅಂದುಕೊಂಡದ್ದು ಆಗ ಸೊನ್ನೆಗೆ ಬರುತ್ತದೆ. ಹೆದರಬೇಡಿ, ಅದೇ ನಿಜವಾದ ಲೆಕ್ಕ. ಬೆಲೆ ಏರಿಸಲು ಕೈ ನಡುಗುತ್ತಿತ್ತಲ್ಲ, ಈ ಸೊನ್ನೆ ನೋಡಿದ ಮೇಲೆ ನಡುಗಲ್ಲ. ಕೆಜಿಗೆ ಸರಾಸರಿ 400 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ ಸುಮಾರು 2,500 ಕಾಲು ಕೆಜಿ ಪ್ಯಾಕೆಟ್ ಹೋಗುತ್ತವೆ. ಪ್ಯಾಕೆಟ್ಟಿಗೆ 10 ರೂಪಾಯಿ ಏರಿಸಿದರೆ 25 ಸಾವಿರ ಆಯಿತು. ಒಂದಷ್ಟು ಜನ ಮುನಿಸಿಕೊಂಡು ಹೋಗಲಿ, ಆಗಲೂ ಕೈಗೆ ಏನಾದರೂ ಉಳಿಯುತ್ತದೆ. ತೂಕ ಆದಮೇಲೆ ಮೇಲೊಂದು ಕೋಡುಬಳೆ ಹಾಕಿ ಕೊಡುವ ಕೊಸರು ಮಾತ್ರ ನಿಲ್ಲಿಸಬೇಡಿ. ಹತ್ತು ರೂಪಾಯಿ ಜಾಸ್ತಿಯಾದದ್ದನ್ನು ಜನ ಮರೆತಾರು, ಕೊಸರು ನಿಂತದ್ದನ್ನು ಮರೆಯಲ್ಲ.

ವಾರಕ್ಕೊಂದು ದಿನ ಬಾಗಿಲು ಹಾಕಿ. ನಿಮ್ಮ ಪಕ್ಕದಲ್ಲೇ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ, ಶುಕ್ರವಾರ ರಜೆ. ಜನ ಬೈಕೊಂಡು ವಾಪಸ್ ಹೋಗಿ ಶನಿವಾರ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನೀವು ವ್ಯಾಪಾರ ಕಡಿಮೆ ಇರುವ ದಿನ ನೋಡಿಕೊಳ್ಳಿ, ಮಂಗಳವಾರವೋ ಬುಧವಾರವೋ.

ಇನ್ನು ಕೋಡುಬಳೆ ಅಕ್ಕ. ನಿಮ್ಮ ಕಾಗದದಲ್ಲಿ ಇದು ಒಂದೇ ಸಾಲು, ನನಗೆ ಮಾತ್ರ ಇದೇ ದೊಡ್ಡ ಚಿಂತೆ. ಅಳತೆ ಕೇಳಿದರೆ ಆಕೆ "ಎರಡು ಹಿಡಿ, ಕಣ್ಣಂದಾಜು" ಅನ್ನುತ್ತಾರೆ, ಅಲ್ವಾ? ಕೇಳಲೇಬೇಡಿ. ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂತುಬಿಡಿ. ಅಕ್ಕಿಹಿಟ್ಟಿನ ಹಿಡಿ, ಚಿರೋಟಿ ರವೆಯ ಹಿಡಿ, ರುಬ್ಬಿದ ಕೊಬ್ಬರಿ ಮೆಣಸಿನಕಾಯಿ, ಕಾಯಿಸಿ ಹಾಕುವ ಎಣ್ಣೆ, ಎಲ್ಲವೂ ಪಾತ್ರೆಗೆ ಬೀಳುವ ಮುಂಚೆ ತಕ್ಕಡಿ ಮೇಲೆ ಬೀಳಲಿ. ಐದಾರು ದಿನ ಹೀಗೆ ಬರೆದರೆ ಒಂದು ಅಳತೆ ಸಿಗುತ್ತದೆ. ಹದ ಮಾತ್ರ ಬರೆದು ಬರಲ್ಲ. ಹೊಸೆಯುವಾಗ ಬಿರುಕು ಬಿಟ್ಟರೆ ಎಷ್ಟು ನೀರು ಚಿಮುಕಿಸಬೇಕು ಅನ್ನೋದು ಬೆರಳಿಗೆ ಗೊತ್ತಿರಬೇಕು. ಆ ಪ್ಯಾಕಿಂಗ್ ಹುಡುಗಿಗೆ ಇಷ್ಟವಿದ್ದರೆ ದಿನಾ ಒಂದು ಗಂಟೆ ಅಕ್ಕನ ಪಕ್ಕ ಕೂರಿಸಿ. ಕಲಿಸಿದ್ದಕ್ಕೆ ಅಕ್ಕನಿಗೆ ಬೇರೆ ದುಡ್ಡು ಕೊಡಿ, ಸುಮ್ನೆ ಕಲಿಸು ಅನ್ನಬೇಡಿ.

ಬಾಡಿಗೆ ಕರಾರು ತೆಗೆದು ನೋಡಿ. ಬಹುಶಃ 11 ತಿಂಗಳದ್ದು, ಪ್ರತಿ ಸಲ ನವೀಕರಣ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ ಎಲ್ಲರೂ ಹೀಗೆ ಮಾಡುತ್ತಾರೆ. ಒಲೆ, ಚಿಮಣಿ, ಕಪಾಟಿಗೆ ನೀವು ಲಕ್ಷಗಟ್ಟಲೆ ಸುರಿದಿರುತ್ತೀರಿ, ಓನರ್ ಮಗನಿಗೆ ಮನಸ್ಸು ಬದಲಾದರೆ ಖಾಲಿ ಮಾಡಬೇಕು. ಐದು ವರ್ಷಕ್ಕೆ ನೋಂದಣಿ ಮಾಡಿಸಿಕೊಳ್ಳಿ, ಖರ್ಚು ನೀವೇ ಹಾಕಿದರೂ ಪರವಾಗಿಲ್ಲ.

ತೆರಿಗೆ ವಿಷಯ ಚುಟುಕಾಗಿ. ನಿಮ್ಮದು ವರ್ಷಕ್ಕೆ 30 ಲಕ್ಷ. 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದಾಗ ಊರೆಲ್ಲ "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿತ್ತು, ನೆನಪಿರಬೇಕು. ನೀವು ಬೋರ್ಡ್ ಹಾಕಬೇಡಿ, ಲೆಕ್ಕ ಬರೆಯಿರಿ. ಗಡಿ ದಾಟಿದರೂ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಯೋಜನೆಯಲ್ಲಿ ವ್ಯಾಪಾರದ ಶೇ 1 ಕಟ್ಟಿ ನಡೆಸಬಹುದು.

ಯಜಮಾನರ ಹತ್ತಿರ ಇದನ್ನೆಲ್ಲ ರಾತ್ರಿ ಶಟರ್ ಎಳೆದ ಮೇಲೆ ಮಾತಾಡಬೇಡಿ. ಮೊದಲ ರಜೆಯ ದಿನ ಇಬ್ಬರೂ ದೋಸೆ ತಿನ್ನಲು ಹೋಗಿ, ಆ 55 ರೂಪಾಯಿ ಬರೆದ ಹಾಳೆ ಅವರ ಮುಂದಿಡಿ. "ಆರು ತಿಂಗಳು ಹೀಗೆ ನಡೆಸೋಣ, ಆಗಲೂ ಬೇಡ ಅಂದ್ರೆ ನಾನೇ ಬೀಗ ಹಾಕ್ತೀನಿ" ಅನ್ನಿ. ಹೇಳಿದ ಮೇಲೆ ಮಾತಿಗೆ ನಿಲ್ಲಬೇಕು, ಅದು ಕಷ್ಟ, ಗೊತ್ತು.

ಬ್ರಾಂಚ್ ಈಗ ಬೇಡವೇ ಬೇಡ. ಒಂದೇ ಅಂಗಡಿ ನೀವಿಲ್ಲದೆ ಒಂದು ದಿನ ನಡೆಯದಿರುವಾಗ ಎರಡನೆಯದಕ್ಕೆ ಯಾರು ಕೂರುತ್ತಾರೆ? ಮೈದುನನಿಗೆ ಬೇಜಾರಾದರೆ ಮನೆಗೆ ಕರೆದು ಕಾಫಿ ಕೊಡಿ, ಜೊತೆಗೆ ಬಿಸಿ ಕೋಡುಬಳೆ. ಎದ್ದು ಹೊರಡುವಾಗ ಆ 20 ಕೆಜಿಯ ಬಿಲ್ಲು ಕೈಗಿಡಿ. ತಮ್ಮ ಅಂತ ಕೆಜಿಗೆ 20 ರೂಪಾಯಿ ಬಿಟ್ಟುಕೊಡಿ ಬೇಕಾದರೆ.