ಓದುಗರ ಪ್ರಶ್ನೆ: ಚಂದ್ರನ ಮೇಲಿನ ಹೆಜ್ಜೆಗುರುತು ಬದಿಯಡ್ಕಕ್ಕೆ ಕಾಣುವುದೇ?

ಪ್ರಶ್ನೆ: ನಮ್ಮ ಶಾಲೆಯ ಎಂಟು ಇಂಚಿನ ದೂರದರ್ಶಕಕ್ಕೆ ಮೊಬೈಲ್ ಹಿಡಿದು, ಮಕ್ಕಳೊಂದಿಗೆ ತಾರಸಿಯ ಮೇಲೆ ನಿಂತು ಹುಣ್ಣಿಮೆ ಚಂದ್ರನ ಚಿತ್ರ ತೆಗೆದೆವು. ಅದು ಬಿಳಿ ತಟ್ಟೆಯಂತೆ ಚಪ್ಪಟೆಯಾಗಿ ಬಂತು. ಇನ್ನೂ ದೊಡ್ಡ ದೂರದರ್ಶಕವಿದ್ದರೆ ಗಗನಯಾತ್ರಿಗಳ ಹೆಜ್ಜೆಗುರುತು ಕಾಣಬಹುದೇ? ಅಲ್ಲಿನ ನೆಲವನ್ನು ಅತಿ ಹತ್ತಿರದಿಂದ ಚಿತ್ರಿಸಿದ್ದು ಹೇಗೆ?
– ಅಧ್ಯಾಪಕರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಹೆಜ್ಜೆಗುರುತಿನ ಆಸೆಯನ್ನು ಬಿಟ್ಟುಬಿಡಬೇಕಾಗುತ್ತದೆ. ಚಂದ್ರನು ಸರಾಸರಿ 3,84,400 ಕಿ.ಮೀ. ದೂರದಲ್ಲಿರುವುದರಿಂದ ತಮ್ಮ ದೂರದರ್ಶಕಕ್ಕೆ ಲೆಕ್ಕದ ಪ್ರಕಾರ ಸುಮಾರು ಒಂದು ಕಿ.ಮೀ. ಅಗಲದ ವಿವರವಷ್ಟೇ ದಕ್ಕುತ್ತದೆ; ಗಾಳಿಯ ಅಲುಗಾಟ ಸೇರಿದರೆ ಅದೂ ಕೆಡುತ್ತದೆ. ಒಂದಡಿ ಉದ್ದದ ಬೂಟಿನ ಗುರುತಿಗೆ ಅರ್ಧ ಕಿಲೋಮೀಟರಿಗಿಂತಲೂ ಅಗಲವಾದ ಕನ್ನಡಿಯುಳ್ಳ ದೂರದರ್ಶಕ ಬೇಕು. ಚಂದ್ರನನ್ನೇ ಸುತ್ತುವ, ಅಮೆರಿಕದ ನಾಸಾ ಸಂಸ್ಥೆಯ ಎಲ್‌ಆರ್‌ಒ ನೌಕೆಯು 2011ರಲ್ಲಿ ಸುಮಾರು 21 ಕಿ.ಮೀ. ಎತ್ತರಕ್ಕೆ ಇಳಿದು ತೆಗೆದ ಚಿತ್ರಗಳಲ್ಲಿ ಕೂಡ ಕಾಣುವುದು ಗಗನಯಾತ್ರಿಗಳು ನಡೆದಾಡಿದ ಜಾಡಿನ ಕಪ್ಪು ಗೆರೆಯೇ ಹೊರತು ಬಿಡಿ ಹೆಜ್ಜೆಗಳಲ್ಲ.

ಹತ್ತಿರದ ಚಿತ್ರಕ್ಕೆ ಹತ್ತಿರ ಹೋಗುವುದೊಂದೇ ದಾರಿಯಾಗಿತ್ತು. 1964ರ ಜುಲೈ 31ರಂದು ಅಮೆರಿಕದ ರೇಂಜರ್ 7 ನೌಕೆಯು ನೆಲಕ್ಕೆ ಅಪ್ಪಳಿಸುವ ಕ್ಷಣದವರೆಗೂ ಚಿತ್ರ ಕಳುಹಿಸುತ್ತಲೇ ಇದ್ದು, 4,300ಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟು ನಾಶವಾಯಿತು. 1966ರ ಫೆಬ್ರವರಿಯಲ್ಲಿ ಸೋವಿಯತ್ ಒಕ್ಕೂಟದ ಲೂನಾ 9 ಮೆತ್ತಗೆ ಇಳಿದು, ಅಲ್ಲಿಯೇ ಕುಳಿತು ಸುತ್ತಲಿನ ಕಲ್ಲುಮಣ್ಣನ್ನು ತೋರಿಸಿತು. ಆದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಥಾಮಸ್ ಗೋಲ್ಡ್ ಅವರ ಸಲಹೆಯಿಂದ ಕೊಡಾಕ್ ಸಂಸ್ಥೆ ತಯಾರಿಸಿದ ಕ್ಯಾಮೆರಾ. ಅಪೋಲೋ 11, 12 ಮತ್ತು 14ರ ಯಾತ್ರಿಗಳು ಒಯ್ದಿದ್ದ ಇದಕ್ಕೆ ಊರುಗೋಲಿನಂತಹ ಹಿಡಿಕೆಯಿತ್ತು. ಬಿಗಿಯಾದ ಅಂತರಿಕ್ಷ ಉಡುಪಿನಲ್ಲಿ ಬಗ್ಗುವುದು ಕಷ್ಟವಾದ್ದರಿಂದ, ನಿಂತಲ್ಲಿಂದಲೇ ಅದನ್ನು ನೆಲಕ್ಕೆ ಊರಿ ಗುಂಡಿ ಒತ್ತಿದರೆ ಸಾಕು, ಅದರದ್ದೇ ಫ್ಲ್ಯಾಷ್ ಬೆಳಕಿನಲ್ಲಿ ಅಂಗೈಯಗಲದ ಮಣ್ಣು, ಸರಿಯಾಗಿ ಹೇಳಬೇಕೆಂದರೆ 72 ಮಿ.ಮೀ.ಗೆ 83 ಮಿ.ಮೀ. ಜಾಗ, ಎರಡು ಮಸೂರಗಳ ಮೂಲಕ ಜೋಡಿಚಿತ್ರವಾಗಿ ದಾಖಲಾಗುತ್ತಿತ್ತು. ಆ ಜೋಡಿಯನ್ನು ಒಟ್ಟಿಗೆ ನೋಡಿದಾಗ ಮಣ್ಣಿನ ಉಬ್ಬುತಗ್ಗು ಕಣ್ಣಿಗೆ ಎದ್ದುಬರುತ್ತದೆ. ಮಣ್ಣಿನ ಹೆಂಟೆಗಳ ಮೇಲೆ ಗಾಜಿನಂತೆ ಹೊಳೆಯುವ ಕಲೆಗಳಿರುವುದೂ ಈ ಚಿತ್ರಗಳಲ್ಲಿ ಕಂಡಿತು.

ಇನ್ನು ತಮ್ಮ ಚಪ್ಪಟೆ ಚಿತ್ರದ ಮಾತು. ಅದು ಮೊಬೈಲಿನ ದೋಷವಲ್ಲ, ಹುಣ್ಣಿಮೆಯದು. ಅಂದು ಸೂರ್ಯನ ಬೆಳಕು ನಮ್ಮ ಬೆನ್ನ ಕಡೆಯಿಂದ ನೇರವಾಗಿ ಬೀಳುವುದರಿಂದ ನೆರಳುಗಳೇ ಕಾಣುವುದಿಲ್ಲ. ಶುಕ್ಲಪಕ್ಷದ ಅಷ್ಟಮಿ ಅಥವಾ ನವಮಿಯ ಸಂಜೆ, ಬೆಳಕು ಮತ್ತು ಕತ್ತಲೆಯ ಗಡಿಯಲ್ಲಿ ನೋಡಿರಿ (ಗಡಿಯಲ್ಲೇ ಸ್ವಾರಸ್ಯವಿರುವುದು ಕಾಸರಗೋಡಿನವರಿಗೆ ಹೊಸತಲ್ಲವಷ್ಟೆ). ಅಲ್ಲಿ ಚಂದ್ರಬಿಂಬದ ನಡುಭಾಗಕ್ಕೆ ತುಸು ದಕ್ಷಿಣದಲ್ಲಿ ಅಲ್ಫೋನ್ಸಸ್ ಎಂಬ ಕುಳಿಯಿದೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕರಾವಳಿಯನ್ನು ಅದರೊಳಗೆ ಇಟ್ಟರೂ ಜಾಗ ಉಳಿದೀತು. 1965ರ ಮಾರ್ಚ್‌ನಲ್ಲಿ ರೇಂಜರ್ 9 ಬಿದ್ದದ್ದು ಅಲ್ಲಿಯೇ, ಮತ್ತು ಅದು ಕೊನೆಯ ಕ್ಷಣಗಳಲ್ಲಿ ಕಳುಹಿಸಿದ ಚಿತ್ರಗಳನ್ನು ತಾವು ತೆಗೆದ ಚಿತ್ರದ ಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಬಹುದು.

ಒಂದೊಂದೇ ಚಿತ್ರ ತೆಗೆಯುವ ಬದಲು ಒಂದೆರಡು ನಿಮಿಷದ ವಿಡಿಯೊ ಮಾಡಿ, ಅದರಲ್ಲಿನ ಸ್ಪಷ್ಟವಾದ ಚೌಕಟ್ಟುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಕೂಡಿಸುವ ಉಚಿತ ತಂತ್ರಾಂಶಗಳಿವೆ. ಹಗಲೆಲ್ಲ ಕಾದ ತಾರಸಿಯನ್ನೂ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳವನ್ನೂ ತಪ್ಪಿಸಿ, ಹುಲ್ಲಿರುವ ಬಯಲಿನಲ್ಲಿ ದೂರದರ್ಶಕವನ್ನು ಇಡಿರಿ. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಚಿತ್ರವನ್ನು ನಡುಗಿಸುತ್ತದೆ.