ಸಂಪಾದಕರ ಉತ್ತರ: ಗುರುವಾರ ಸಂಜೆ ಮಗಳನ್ನು ಕಳಿಸಿ

ಮಾನ್ಯ ಸಂಪಾದಕರೆ,

ನಾವು ಅಮೆರಿಕದ ಉತ್ತರ ಕೆರೊಲಿನಾದ ಕೆರಿ ಎಂಬ ಊರಿನಲ್ಲಿದ್ದೇವೆ. ಹದಿಮೂರು ವರ್ಷದ ಮಗಳು ಶಾಲೆಯ ಆರ್ಕೆಸ್ಟ್ರಾದಲ್ಲಿ ವಯೊಲಿನ್ ನುಡಿಸುತ್ತಾಳೆ. ಈಗ ಪಕ್ಕದ ಮನೆಯ ಅಜ್ಜಿಯ ಜೊತೆ ಪ್ರತಿ ಗುರುವಾರ ‘ಓಲ್ಡ್ ಟೈಮ್’ ಎಂಬ, ಇಲ್ಲಿಯ ಬೆಟ್ಟನಾಡಿನ ಹಳೆಯ ಜನಪದ ಸಂಗೀತದ ಕೂಟಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ನಾನೂ ಎರಡು ಸಲ ಹೋಗಿ ನೋಡಿದೆ. ಹಾಳೆ ಇಲ್ಲ, ಪಾಠ ಇಲ್ಲ, ಪರೀಕ್ಷೆ ಇಲ್ಲ. ಒಂದೇ ಧಾಟಿಯನ್ನು ಹತ್ತು ನಿಮಿಷ ಸುತ್ತುತ್ತಾರೆ. ಕೂತವರಲ್ಲಿ ಅರ್ಧದಷ್ಟು ಮಂದಿ ಸಾಫ್ಟ್‌ವೇರಿನವರು, ಪ್ರೊಫೆಸರುಗಳು, ಬೆಟ್ಟದವರಲ್ಲ. ಹಳೆಯದೆಲ್ಲ ಧ್ವನಿಮುದ್ರಣವಾಗಿ ಲೈಬ್ರರಿಗಳಲ್ಲಿ ಭದ್ರವಾಗಿರುವಾಗ ಈ ಪುನರುಜ್ಜೀವನ ಒಂದು ವೇಷವಲ್ಲವೆ? ಮಗಳ ವೇಳೆ ಹಾಳಲ್ಲವೆ? ಒಂದು ವಿಚಿತ್ರವನ್ನೂ ಹೇಳಬೇಕು: ಅವರಲ್ಲಿ ಕೆಲವರು ಪಿಟೀಲನ್ನು ನಮ್ಮ ಹಾಗೆಯೇ ಸ-ಪ-ಸ-ಪ ಶ್ರುತಿ ಮಾಡಿಕೊಳ್ಳುತ್ತಾರೆ. ಮೈಸೂರಿನಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು ನಾನು, ಕಿವಿ ಮೋಸ ಮಾಡಿರಲಾರದು.

– ಒಬ್ಬ ಓದುಗಿ, ಕೆರಿ

ತಾಯಿ, ನಿಮ್ಮ ಕಿವಿ ಮೋಸ ಮಾಡಿಲ್ಲ. ಪಾಶ್ಚಾತ್ಯ ಕ್ರಮದ ಜಿ-ಡಿ-ಎ-ಇ ಶ್ರುತಿಯಲ್ಲಿ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಮೆಟ್ಟಿಲು ಏರಿಸಿ ಎ-ಇ-ಎ-ಇ ಮಾಡಿಕೊಳ್ಳುವುದು ಅಪಲಾಚಿಯನ್ ಬೆಟ್ಟಸಾಲಿನ ಪಿಟೀಲುಗಾರರ ಹಳೆಯ ರೂಢಿ. ಕಮಾನು ಒಂದು ತಂತಿಯ ಮೇಲೆ ಧಾಟಿ ನಡೆಸುತ್ತಿದ್ದರೆ ಪಕ್ಕದ ತಂತಿ ಷಡ್ಜವನ್ನೋ ಪಂಚಮವನ್ನೋ ಮೊಳಗಿಸುತ್ತಿರುತ್ತದೆ. ನಮ್ಮವರು ಪಿಟೀಲನ್ನು ಪಾದಕ್ಕೆ ಊರಿ ಕೂತು ಕಂಡುಕೊಂಡದ್ದನ್ನು ಅವರು ಎದೆಗೆ ಒತ್ತಿಕೊಂಡು ಕಂಡುಕೊಂಡರು. ಇದನ್ನು ಕೇಳಿ ಗುರುತಿಸಿದ ನೀವು, ಆಮೇಲೆ ಅದೇ ಕೂಟವನ್ನು ವೇಳೆ ಹಾಳು ಅಂದಿರಲ್ಲ, ಅದು ನನಗೆ ಬೇಸರ ತಂದಿತು.

ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಒಪ್ಪುತ್ತೇನೆ. ಧ್ವನಿಮುದ್ರಣ ಇಲ್ಲದಿದ್ದರೆ ಈ ಸಂಗೀತದ ಬಹುಪಾಲು ಮಣ್ಣು ಸೇರುತ್ತಿತ್ತು. 1923ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಪಿಟೀಲಿನ ಜಾನ್ ಕಾರ್ಸನ್‌ನ ಹಾಡನ್ನು ಓಕೆ ಎಂಬ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಮುದ್ರಿಸಿಕೊಂಡ. ಆ ದನಿ ಪೀರ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಸ್ಥಳೀಯ ವ್ಯಾಪಾರಿಯ ಒತ್ತಾಯಕ್ಕೆ 500 ಗ್ರಾಮಫೋನ್ ತಟ್ಟೆ ಒತ್ತಿಸಿದ. ಅವು ಬಂದ ಹಾಗೇ ಖರ್ಚಾದವು. ಆಗ ಕಂಪನಿಗಳ ಕಣ್ಣು ಬೆಟ್ಟದ ಕಡೆ ತಿರುಗಿತು. ನಾಲ್ಕು ವರ್ಷದ ಮೇಲೆ ಅದೇ ಪೀರ್, ಈಗ ವಿಕ್ಟರ್ ಕಂಪನಿಯ ಪರವಾಗಿ, ಟೆನೆಸಿ ಮತ್ತು ವರ್ಜೀನಿಯಾ ಎರಡರಲ್ಲೂ ಹರಡಿಕೊಂಡಿರುವ ಬ್ರಿಸ್ಟಲ್ ಊರಿನಲ್ಲಿ ಯಂತ್ರ ಹೂಡಿ ಕೂತ. ಕಾರ್ಟರ್ ಕುಟುಂಬ ಎಂಬ ಹಾಡುವ ತಂಡ, ಗಾಯಕ ಜಿಮ್ಮಿ ರಾಜರ್ಸ್ ಹೊರಗೆ ಬಂದದ್ದು ಅಲ್ಲಿಂದಲೇ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಇಂಥ 84 ಹಳೆಯ ಮುದ್ರಣಗಳನ್ನು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಒಂದು ಸಂಕಲನ ತಂದ. ನಗರದ ಹುಡುಗರಿಗೆ ಈ ಹುಚ್ಚು ಹಿಡಿಸುವುದರಲ್ಲಿ ಅದರ ಪಾಲು ದೊಡ್ಡದು. ಇಷ್ಟೂ ತಟ್ಟೆಗಳ ಪುಣ್ಯ.

ಆದರೆ ತಟ್ಟೆ ಎಲ್ಲವನ್ನೂ ಹಿಡಿಯಿತು ಅನ್ನುವುದು ನಿಮ್ಮ ತಪ್ಪು ತಿಳಿವಳಿಕೆ. ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಸಂಗೀತ. ರಾತ್ರಿಯಿಡೀ ಕುಣಿತಕ್ಕೆ ನುಡಿಸುತ್ತಿದ್ದವನು ಮೂರು ನಿಮಿಷಕ್ಕೆ ಕಮಾನು ಎತ್ತಬೇಕಾಯಿತು. ನೀವು ಬೇಸರಪಟ್ಟ ಆ ಹತ್ತು ನಿಮಿಷದ ಸುತ್ತಾಟವೇ ಈ ಸಂಗೀತದ ಸಹಜ ನಡೆ. ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಮತ್ತೆ ಮೊದಲಿಗೆ. ಹತ್ತನೆಯ ಸುತ್ತಿಗೆ ಬರುವ ಹೊತ್ತಿಗೆ ಕಮಾನು ಯಾವ ಮಾತ್ರೆಯ ಮೇಲೆ ಒತ್ತಬೇಕೆಂದು ಕೈ ತಾನಾಗಿ ತಿಳಿದುಕೊಂಡಿರುತ್ತದೆ.

ಇನ್ನೊಂದು ಕಹಿ ಸತ್ಯ ಇದೆ. ಕಂಪನಿಗಳು ಮಾರಾಟದ ಅನುಕೂಲಕ್ಕೆ ಕರಿಯರ ತಟ್ಟೆಗಳಿಗೆ ‘ರೇಸ್’ (ಜನಾಂಗ) ಎಂದೂ ಬೆಟ್ಟದ ಬಿಳಿಯರ ತಟ್ಟೆಗಳಿಗೆ ‘ಹಿಲ್‌ಬಿಲಿ’ (ಗುಡ್ಡಗಾಡಿನವ) ಎಂದೂ ಹಣೆಪಟ್ಟಿ ಹಚ್ಚಿದವು. ಬ್ಯಾಂಜೋ ಎಂಬ ತಂತಿವಾದ್ಯ ಇದೆಯಲ್ಲ, ಅದರ ಮೂಲ ಪಶ್ಚಿಮ ಆಫ್ರಿಕದ ಸೋರೆಬುರುಡೆಯ ವಾದ್ಯಗಳು. ಗುಲಾಮರಾಗಿ ಸಾಗಿಸಲ್ಪಟ್ಟವರ ನೆನಪಿನಲ್ಲಿ ಕಡಲು ದಾಟಿ ಬಂದದ್ದು ಅದು. ಪಿಟೀಲು ಮತ್ತು ಬ್ಯಾಂಜೋ ಜೋಡಿಯಾಗಿ ಕರಿಯರ ಮನೆಗಳಲ್ಲೂ ಬಿಳಿಯರ ಮನೆಗಳಲ್ಲೂ ನುಡಿಯುತ್ತಿತ್ತು. ಆದರೆ ಕರಿಯ ಪಿಟೀಲುಗಾರನ ತಟ್ಟೆ ಯಾರಿಗೆ ಮಾರಬೇಕೆಂದು ಅಂಗಡಿಯವನಿಗೆ ತೋಚಲಿಲ್ಲ. ಹಾಗಾಗಿ ಅವನನ್ನು ಮುದ್ರಿಸಿದ್ದೇ ಅಪರೂಪ. ಆ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ಅಲೆದಾಗ ಜೊತೆಗೆ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್ ವಾದಕ ಇರುತ್ತಿದ್ದ. ಕಾರ್ಟರ್ ಸಾಹಿತ್ಯ ಬರೆದುಕೊಂಡರೆ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವನು ರಿಡಲ್. ತಟ್ಟೆಗಳ ಮೇಲೆ ಅವನ ಹೆಸರಿಲ್ಲ.

ವಿದ್ವಾಂಸರೂ ಇದರಿಂದ ಹೊರತಲ್ಲ. ಇಂಗ್ಲೆಂಡಿನ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ 1916ರಿಂದ 1918ರವರೆಗೆ ಈ ಬೆಟ್ಟಗಳಲ್ಲಿ ಸಹಾಯಕಿ ಮಾಡ್ ಕಾರ್ಪಲಿಸ್ ಜೊತೆ ನಡೆದು ಸುಮಾರು 1,600 ಧಾಟಿ ಬರೆದುಕೊಂಡರು. ಆಸ್ತಮಾ ಕಾಡುತ್ತಿದ್ದ ಮನುಷ್ಯ ಹಾಗೆ ಗುಡ್ಡ ಹತ್ತಿದ್ದು ತಪಸ್ಸೇ ಸರಿ. ಆದರೆ ಅವರು ಹುಡುಕಿದ್ದು ತಮ್ಮ ಇಂಗ್ಲೆಂಡನ್ನು. ಕರಿಯರ ಹಾಡುಗಳ ಕಡೆಗೆ ಅವರ ಕಿವಿ ಹೆಚ್ಚಾಗಿ ಮುಚ್ಚಿಯೇ ಇತ್ತು. ಭಂಡಾರದಲ್ಲಿ ಇರುವುದೆಲ್ಲ ಯಾರೋ ಒಬ್ಬರು ಆರಿಸಿದ್ದು, ತಾಯಿ.

ಹಾಗಾದರೆ ಉಳಿದದ್ದು ಹೇಗೆ? ಮನೆಗೆ ಹೋಗಿ ಮುಂದೆ ಕೂತವರಿಂದ. ಅಲನ್ ಜಬೂರ್ ಎಂಬ ಯುವಕ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ನಿಮ್ಮ ಮಗಳ ಹಾಗೇ ಶಾಸ್ತ್ರೀಯ ವಯೊಲಿನ್ ಕಲಿತವರು. 1966ರಲ್ಲಿ ವರ್ಜೀನಿಯಾದ ಗ್ಲೆನ್ ಲಿನ್ ಎಂಬ ಚಿಕ್ಕ ಊರಿನಲ್ಲಿ ಎಂಬತ್ತು ದಾಟಿದ್ದ ಪಿಟೀಲುಗಾರ ಹೆನ್ರಿ ರೀಡ್ ಅವರನ್ನು ಕಂಡು, ಟೇಪು ಹಾಕಿದರು. ರೀಡ್ ತಮ್ಮ ಹುಡುಗುತನದಲ್ಲಿ ಒಬ್ಬ ಮುಪ್ಪಿನ ಪಿಟೀಲುಗಾರನಿಂದ ಕಲಿತಿದ್ದರು. ಆ ಮುದುಕ 1840ರ ದಶಕದ ಮೆಕ್ಸಿಕೋ ಯುದ್ಧದ ಕಾಲದವನು. ಜಬೂರ್ ಟೇಪನ್ನು ಬೀರುವಿನಲ್ಲಿಟ್ಟು ಪ್ರಬಂಧ ಬರೆದು ಸುಮ್ಮನಾಗಬಹುದಿತ್ತು. ಅವರು ಆ ಧಾಟಿಗಳನ್ನು ತಾವೇ ಕಲಿತು, ಡರ್ಹಮ್‌ನ ಗೆಳೆಯರ ಕೂಟದಲ್ಲಿ ನುಡಿಸಿ ಹಂಚಿದರು. ರೀಡ್ 1968ರಲ್ಲಿ ತೀರಿಕೊಂಡರು. ಅವರ ಧಾಟಿಗಳು ಇವತ್ತು ಅಮೆರಿಕದ ಯಾವ ಮೂಲೆಯ ಕೂಟದಲ್ಲಾದರೂ ಕೇಳುತ್ತವೆ. ಡರ್ಹಮ್ ನಿಮ್ಮ ಮನೆಯಿಂದ ಎಷ್ಟು ದೂರ? ಅರ್ಧ ಗಂಟೆಯೂ ಇಲ್ಲ. ನಿಮ್ಮ ಪಕ್ಕದ ಮನೆಯ ಅಜ್ಜಿಯ ಬೆರಳಲ್ಲಿ ಅವುಗಳಲ್ಲಿ ಒಂದಾದರೂ ಇದ್ದೀತು, ಕೇಳಿ ನೋಡಿ.

ನಿಮ್ಮ ರಾಜ್ಯದ್ದೇ ಆದ ಟೋಸ್ಟ್ ಎಂಬ ಊರಿನಲ್ಲಿ ಟಾಮಿ ಜಾರಲ್ ಎಂಬ ಪಿಟೀಲುಗಾರ ಇದ್ದರು. ರಸ್ತೆ ಇಲಾಖೆಯಲ್ಲಿ ಯಂತ್ರ ಓಡಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಎಲ್ಲೆಲ್ಲಿಂದಲೋ ಬಂದ ಉದ್ದ ಕೂದಲಿನ ಹುಡುಗ ಹುಡುಗಿಯರನ್ನು ಮನೆಯೊಳಗೆ ಕರೆದು, ಊಟ ಹಾಕಿ, ಮಲಗಲು ಜಾಗ ಕೊಟ್ಟು, ದಿನಗಟ್ಟಲೆ ನುಡಿಸಿ ತೋರಿಸಿದರು. ಬಂದವರಲ್ಲಿ ಬೆಟ್ಟದವರು ಎಷ್ಟು ಜನ? ಜಾರಲ್ ಅವರಿಗೆ ಅಡ್ಡಿಯಾಗದ ಈ ಪ್ರಶ್ನೆ ನಿಮಗೇಕೆ ಅಡ್ಡಿಯಾಗಬೇಕು? ಈ ಸಂಗೀತ ನುಡಿಸುತ್ತ ಸಂಗ್ರಹಿಸುತ್ತ ಬಂದ ಮೈಕ್ ಸೀಗರ್ ಕೂಡ ನಗರದ ವಿದ್ಯಾವಂತ ಮನೆಯ ಮಗ. 1963ರಲ್ಲಿ ಹುಡುಕಿಕೊಂಡು ಹೋಗಿ, ಕಲ್ಲಿದ್ದಲ ಗಣಿಯಲ್ಲಿ ಆಯುಷ್ಯ ಸವೆಸಿ ಬ್ಯಾಂಜೋ ಬಿಟ್ಟಿದ್ದ ಡಾಕ್ ಬಾಗ್ಸ್‌ನನ್ನು ಮತ್ತೆ ಜನರ ಮುಂದೆ ಕೂರಿಸಿದವರು ಅವರೇ. ಲೆಸ್ಲಿ ರಿಡಲ್‌ನನ್ನು ಹುಡುಕಿ ಮುದ್ರಿಸಿದವರೂ ಅವರೇ. ಇನ್ನು ಜಾನ್ ಎಡ್ವರ್ಡ್ಸ್ ಅಂತೂ ಆಸ್ಟ್ರೇಲಿಯಾದವನು. ಅಲ್ಲೇ ಕೂತು ಪತ್ರ ಬರೆದೂ ಬರೆದೂ ಹಳೆಯ ತಟ್ಟೆಗಳನ್ನೂ ಹಳೆಯ ಕಲಾವಿದರ ವಿವರಗಳನ್ನೂ ಕೂಡಿಹಾಕಿದ. 1960ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಅವನ ಇಚ್ಛೆಯಂತೆ ಆ ಸಂಗ್ರಹ ಅಮೆರಿಕಕ್ಕೆ ಬಂತು. ಇವತ್ತು ಅದು ನಿಮ್ಮ ಪಕ್ಕದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿದೆ. ಇಂಥವರನ್ನು ವೇಷಧಾರಿಗಳು ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ನಿಮ್ಮ ಗುರುವಾರಕ್ಕೆ ಬರುತ್ತೇನೆ. ಮೆಬೆನ್ ಎಂಬ ಊರು ನಿಮಗೆ ಒಂದು ಗಂಟೆಯ ದಾರಿಯೊಳಗೇ ಇದೆ. ಅಲ್ಲಿ ಜೋ ಥಾಂಪ್ಸನ್ ಎಂಬ ಕರಿಯ ಪಿಟೀಲುಗಾರ ಇದ್ದರು; ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಮನೆತನದಿಂದ ಬಂದ ವಿದ್ಯೆ. 2005ರಲ್ಲಿ ಬೂನ್ ಪಟ್ಟಣದಲ್ಲಿ ಕರಿಯರ ಬ್ಯಾಂಜೋ ಪರಂಪರೆಯ ಬಗ್ಗೆ ಒಂದು ಸಮಾವೇಶ ನಡೆಯಿತು. ಅದರ ಬೆನ್ನಿಗೇ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಎಂಬ ಮೂವರು ಕರಿಯ ಯುವಜನರು ಪ್ರತಿ ಗುರುವಾರ ಸಂಜೆ ಥಾಂಪ್ಸನ್ ಅವರ ಮನೆಗೆ ಹೋಗಿ ಕೂರತೊಡಗಿದರು. ಆಗ ಥಾಂಪ್ಸನ್ ಅವರಿಗೆ ಎಂಬತ್ತಾರು. ಗಿಡೆನ್ಸ್ ಒಪೆರಾ ಹಾಡುಗಾರಿಕೆಯನ್ನು ಓದಿ ಪದವಿ ಪಡೆದವರು. ಆ ಮನೆಯಲ್ಲಿ ಯಾರೂ ಪದವಿ ಕೇಳಲಿಲ್ಲ. ಮುದುಕರು ನುಡಿಸಿದರು, ಇವರು ಹಿಂದೆ ನುಡಿಸಿದರು, ಅಷ್ಟೇ. ಆ ಮೂವರು ಕಟ್ಟಿಕೊಂಡ ತಂಡಕ್ಕೆ ಮುಂದೆ ಗ್ರ್ಯಾಮಿ ಬಂತು, ಗಿಡೆನ್ಸ್‌ಗೆ 2023ರಲ್ಲಿ ಪುಲಿಟ್ಜರ್ ಬಂತು. ಪ್ರಶಸ್ತಿಯ ಆಸೆಗೆ ಮಗಳನ್ನು ಕಳಿಸಿ ಎನ್ನುತ್ತಿಲ್ಲ. ತಟ್ಟೆ ಕಂಪನಿಗಳು ಎಂಬತ್ತು ವರ್ಷ ಬೇರೆ ಬೇರೆ ಮಾಡಿಟ್ಟದ್ದನ್ನು ಗುರುವಾರದ ಸಂಜೆಗಳು ಮತ್ತೆ ಬೆಸೆದವು, ಅದನ್ನು ನೋಡಿ ಅನ್ನುತ್ತೇನೆ. ಥಾಂಪ್ಸನ್ 2012ರಲ್ಲಿ ತೀರಿಕೊಂಡರು.

ನನಗೆ ಇದು ಯಾಕೆ ಇಷ್ಟು ನಾಟುತ್ತದೆ ಅಂದರೆ, ನಾನೇ ಒಂದು ಕಳೆದುಕೊಂಡಿದ್ದೇನೆ. 1983ರ ಬೇಸಗೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ನನ್ನ ಸೋದರತ್ತೆಯ ಊರಿಗೆ ಹೋಗಿದ್ದೆ. ಸೋಬಾನೆ ಪದಗಳಿಗೆ ಆಕೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾಗಿದ್ದಳು. ಗುಂಡಿ ಒತ್ತಿ ‘ಹಾಡತ್ತೆ’ ಎಂದೆ. ಆಕೆ ನನ್ನ ಮುಖ ನೋಡಿ, ‘ಮದ್ವೆ ಯಾರ್ದಪ್ಪ? ಹೆಣ್ಣಿನ ಹೆಸ್ರು ಹೇಳು, ಹೆಸ್ರಿಲ್ದೆ ಹೆಂಗ್ ಹಾಡ್ಲಿ?’ ಅಂದಳು. ಯಾವುದೋ ಒಂದು ಹೆಸರು ಹೇಳಿದೆ. ಆಕೆ ಹಾಡಿದಳು, ಎರಡು ಕ್ಯಾಸೆಟ್ಟು ತುಂಬಿತು. ಪಕ್ಕದಲ್ಲಿ ಆಕೆಯ ಮೊಮ್ಮಗಳು ಕೂತಿದ್ದಳು, ಗಲಾಟೆ ರೆಕಾರ್ಡಾಗುತ್ತದೆಂದು ಆ ಮಗುವನ್ನು ನಾನೇ ಹೊರಗೆ ಕಳಿಸಿದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಮೊಮ್ಮಗಳಿಗೆ ಒಂದು ಪದವೂ ಬರುವುದಿಲ್ಲ.

ಅಂದಿನಿಂದ ‘ದಾಖಲೀಕರಣ’ ಎಂಬ ಮಾತು ಕೇಳಿದರೆ ನನಗೆ ಆ ಮಗುವಿನ ಮುಖ ಎದುರಿಗೆ ಬರುತ್ತದೆ. ಕ್ಯಾಮೆರಾಕ್ಕೆ ಹಣ ಸಿಗುತ್ತದೆ, ವರದಿ ಅಚ್ಚು ಹಾಕಿಸಲು ಹಣ ಸಿಗುತ್ತದೆ. ಕಲಿಯುವ ಹುಡುಗಿಯ ಬಸ್ ಚಾರ್ಜಿಗೆ, ಕಲಿಸುವ ಅಜ್ಜಿಯ ಮನೆಯ ಅಕ್ಕಿಗೆ ಹಣವಿಲ್ಲ. ಉತ್ಸವದ ಮೆರವಣಿಗೆಯಲ್ಲಿ ಬಿಸಿಲಿಗೆ ನಡೆಸಿ, ವೇದಿಕೆ ಮೇಲೆ ಐದು ನಿಮಿಷ ಕೊಟ್ಟು, ಶಾಲು ಹೊದಿಸಿ ಕಳಿಸಿಬಿಡುತ್ತೇವೆ. ಮಕ್ಕಳು ಹಾಡಿದರೆ ಅಂಕ ಕೊಡುವ ತೀರ್ಪುಗಾರರು ಬೇಕು, ಎಸ್‌ಎಂಎಸ್ ಬೇಕು, ಸರ್ಟಿಫಿಕೇಟು ಬೇಕು. ನಿಮ್ಮ ಉತ್ತರ ಕೆರೊಲಿನಾದಲ್ಲೇ ನೋಡಿ, ಅಲಗೇನಿ ಎಂಬ ಬೆಟ್ಟದ ಜಿಲ್ಲೆಯಲ್ಲಿ 2000ನೇ ಇಸವಿಯಲ್ಲಿ ಶುರುವಾದ ಕಾರ್ಯಕ್ರಮವೊಂದು ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಿಟೀಲು, ಬ್ಯಾಂಜೋ ಹೇಳಿಕೊಡುತ್ತ ಅಕ್ಕಪಕ್ಕದ ರಾಜ್ಯಗಳಿಗೂ ಹಬ್ಬಿದೆ. ಮಕ್ಕಳ ಕೈಗೆ ವಾದ್ಯ, ಎದುರಿಗೆ ನುಡಿಸಬಲ್ಲ ದೊಡ್ಡವರು. ನಾವು ತಾಲ್ಲೂಕಿಗೊಂದು ಇಂಥದ್ದು ನಡೆಸಲಾರದಷ್ಟು ಬಡವರೆ?

ನೀವು ಮಗಳನ್ನು ಕಳಿಸಿ. ಸಾಧ್ಯವಾದರೆ ನಿಮ್ಮ ಪಿಟೀಲನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಮೊದಮೊದಲು ವರ್ತುಲದ ಹೊರಗೆ ಕೂತು ಮೆಲ್ಲಗೆ ಅನುಸರಿಸಿದರೆ ಸಾಕು, ಹೊಸಬರಿಗೆ ಅಲ್ಲಿಯ ಮರ್ಯಾದೆ ಅದೇ. ಶ್ರುತಿ ನಿಮಗೆ ಹೊಸದಲ್ಲ. ಧಾಟಿ ಮುಗಿದಾಗ ಅದನ್ನು ಯಾರಿಂದ ಕಲಿತಿರಿ ಎಂದು ಆ ಅಜ್ಜಿಯನ್ನು ಕೇಳಿ, ಅವರು ಯಾರಿಂದ ಕಲಿತರು ಎಂದೂ ಕೇಳಿ. ಸಿಕ್ಕಷ್ಟು ಹೆಸರು ನನಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ; ಕೊನೆಯಲ್ಲಿ ನಿಮ್ಮ ಮಗಳ ಹೆಸರೂ ಇರಲಿ.

– ಸಂ.